ಬ್ರಿಟನ್‌ನಲ್ಲಿ ಗ್ಯಾಸ್ ಕಂಪನಿ ಬದಲಾಯಿಸುವಾಗ ಮೀಟರ್ ರೀಡಿಂಗ್ ತಪ್ಪಿದರೆ

ಬೆಸ್ಕಾಂ ಸಿಬ್ಬಂದಿ ತಿಂಗಳಿಗೊಮ್ಮೆ ಮನೆಗೆ ಬಂದು, ಮೀಟರ್ ನೋಡಿ, ಅಲ್ಲೇ ಬಿಲ್ ಹರಿದು ಕೈಗಿಡುವ ಪದ್ಧತಿಗೆ ಒಗ್ಗಿದವರಿಗೆ ಬ್ರಿಟನ್ನಿನ ಗ್ಯಾಸ್ ವ್ಯವಸ್ಥೆ ಬೇಗ ತಲೆಗೆ ಹತ್ತುವುದಿಲ್ಲ. ಅಲ್ಲಿ ಮನೆಗೆ ಬರುವ ಪೈಪು ಒಂದೇ, ಮೀಟರ್ ಒಂದೇ, ಗ್ಯಾಸೂ ಅದೇ. ಕಂಪನಿ ಬದಲಾಯಿಸಿದಾಗ ಬದಲಾಗುವುದು ಬಿಲ್ ಕಳಿಸುವವರು ಮಾತ್ರ. ಹಾಗಾಗಿ ಬದಲಾವಣೆಯ ದಿನ ಮೀಟರಿನಲ್ಲಿರುವ ಒಂದೇ ಒಂದು ಸಂಖ್ಯೆಗೆ ಎರಡು ಕೆಲಸ ಇರುತ್ತದೆ. ಹಳೆಯ ಕಂಪನಿ ಅದರ ಮೇಲೆ ಕೊನೆಯ ಬಿಲ್ ಮಾಡುತ್ತದೆ, ಹೊಸ ಕಂಪನಿ ಅದರಿಂದಲೇ ಲೆಕ್ಕ ಶುರು ಮಾಡುತ್ತದೆ. ಈ ಸಂಖ್ಯೆ ಎರಡೂ ಬಿಲ್‌ಗಳಲ್ಲಿ ಒಂದೇ ಆಗಿರಬೇಕು. ರೀಡಿಂಗ್ ತಕರಾರುಗಳನ್ನು ಬಿಡಿಸುವಾಗ ಮತ್ತೆ ಮತ್ತೆ ಬಂದು ನಿಲ್ಲುವುದು ಇಲ್ಲಿಗೇ.

ಕೆಳಗೆ ಹೇಳಿರುವುದು ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುತ್ತದೆ. ಇಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಜೆಮ್. ಉತ್ತರ ಐರ್ಲೆಂಡಿಗೆ ಬೇರೆ ನಿಯಂತ್ರಕರಿದ್ದಾರೆ, ನಿಯಮಗಳೂ ಬೇರೆ.

ಅರ್ಜಿ ಹಾಕುವ ಮೊದಲೇ ಮೀಟರ್ ಬಳಿ ಹೋಗಿ

ಹೊಸ ಕಂಪನಿಗೆ ಹೆಸರು ಕೊಡುವ ಮುನ್ನ ಹತ್ತು ನಿಮಿಷ ಬಿಡುವು ಮಾಡಿಕೊಂಡು ಮೀಟರ್ ಇರುವಲ್ಲಿಗೆ ಹೋಗಿ. ಹಳೆಯ ಮನೆಗಳಲ್ಲಿ ಅದು ಮೆಟ್ಟಿಲ ಕೆಳಗಿನ ಕಪಾಟಿನಲ್ಲೋ ಅಡುಗೆಮನೆಯ ಮೂಲೆಯಲ್ಲೋ ಇರುತ್ತದೆ. ಹೊಸ ಮನೆಗಳಲ್ಲಿ ಹೊರಗೋಡೆಯ ಬಿಳಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿರುತ್ತದೆ. ಆ ಪೆಟ್ಟಿಗೆ ತೆಗೆಯಲು ತ್ರಿಕೋನ ಬಾಯಿಯ ಸಣ್ಣ ಕೀಲಿ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಒಂದು ಕೊಂಡು ಮನೆಯಲ್ಲಿಟ್ಟುಕೊಳ್ಳಿ. ಬದಲಾವಣೆಯ ದಿನವೇ ಕೀಲಿ ಇಲ್ಲದೆ ರೀಡಿಂಗ್ ತಪ್ಪಿಹೋಗುವುದು ಬೇಡ.

ಮೀಟರಿನ ಮುಖದ ಮೇಲೆ ಬಾರ್‌ಕೋಡ್ ಪಕ್ಕದಲ್ಲೋ ಕೆಳಗೋ ಅಕ್ಷರ ಮತ್ತು ಅಂಕಿ ಬೆರೆತ ಸೀರಿಯಲ್ ನಂಬರ್ ಇರುತ್ತದೆ. ಅದನ್ನು ಈಗಿನ ಬಿಲ್‌ನಲ್ಲಿರುವ ಸೀರಿಯಲ್ ನಂಬರ್ ಜೊತೆ ಅಕ್ಷರ ಅಕ್ಷರ ಹೋಲಿಸಿ ನೋಡಿ. ಎಷ್ಟೋ ಜನ ಇದನ್ನು ಬಿಟ್ಟುಬಿಡುತ್ತಾರೆ, ಆದರೆ ಬಿಡಬಾರದ ಕೆಲಸ ಇದು. ಎರಡೂ ಬೇರೆಯಾಗಿದ್ದರೆ ನೀವು ಎಷ್ಟು ಸರಿಯಾಗಿ ರೀಡಿಂಗ್ ಕೊಟ್ಟರೂ ಅದು ಇನ್ನೊಂದು ಮೀಟರಿನ ಖಾತೆಗೆ ಹೋಗುತ್ತದೆ.

ಬಿಲ್‌ನಲ್ಲಿ ಎಂಪಿಆರ್‌ಎನ್ ಎಂಬ ಇನ್ನೊಂದು ಸಂಖ್ಯೆಯೂ ಇರುತ್ತದೆ. ಇದು 6ರಿಂದ 10 ಅಂಕಿಯದು. ಮೀಟರಿಗಿಂತ ಹೆಚ್ಚಾಗಿ ನಿಮ್ಮ ಮನೆಗೆ ಗ್ಯಾಸ್ ಬರುವ ಜಾಗಕ್ಕೆ ಕೊಟ್ಟ ಗುರುತು ಇದು. ಮೀಟರ್ ಬದಲಾದರೆ ಸೀರಿಯಲ್ ನಂಬರ್ ಬದಲಾಗುತ್ತದೆ, ಎಂಪಿಆರ್‌ಎನ್ ಬದಲಾಗುವುದಿಲ್ಲ. ಬಿಲ್ ಕೈಯಲ್ಲಿಲ್ಲದಿದ್ದರೆ 'ಫೈಂಡ್ ಮೈ ಸಪ್ಲೈಯರ್' ತಾಣದಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಈ ಸಂಖ್ಯೆಯೂ ಈಗಿನ ಗ್ಯಾಸ್ ಕಂಪನಿಯ ಹೆಸರೂ ಸಿಗುತ್ತವೆ.

ಯಾವ ಅಂಕಿ ಬರೆಯಬೇಕು, ಯಾವುದು ಬಿಡಬೇಕು

ಗ್ಯಾಸ್ ಮೀಟರುಗಳಲ್ಲಿ ಎರಡು ಜಾತಿ. ಹಳೆಯವು ಘನ ಅಡಿಯಲ್ಲಿ ಅಳೆಯುತ್ತವೆ. ಮುಖದ ಮೇಲೆ 'ಎಫ್‌ಟಿ' ಅಕ್ಷರಗಳ ಪಕ್ಕ ಮೇಲೆ ಪುಟ್ಟ 3 ಇರುತ್ತದೆ, ಓದಬೇಕಾದ ಕಪ್ಪು ಅಂಕಿಗಳು ನಾಲ್ಕು. ಹೊಸವು ಘನ ಮೀಟರಿನಲ್ಲಿ ಅಳೆಯುತ್ತವೆ. 'ಎಂ' ಅಕ್ಷರದ ಪಕ್ಕ ಪುಟ್ಟ 3, ಓದಬೇಕಾದ ಅಂಕಿಗಳು ಐದು. ಎರಡರಲ್ಲೂ ಕೆಂಪು ಬಣ್ಣದ ಅಥವಾ ಕೆಂಪು ಚೌಕಟ್ಟಿನ ಅಂಕಿಗಳನ್ನು, ದಶಮಾಂಶ ಬಿಂದುವಿನ ನಂತರದ್ದನ್ನು ಬರೆಯಬೇಡಿ. ಎಡಗಡೆಯ ಸೊನ್ನೆಗಳನ್ನು ಮಾತ್ರ ಬಿಡದೆ ಬರೆಯಿರಿ. ಮೀಟರ್ 04310.627 ಎಂದು ತೋರಿಸಿದರೆ ರೀಡಿಂಗ್ 04310.

ಅಪರೂಪಕ್ಕೆ ಗಡಿಯಾರದಂತೆ ಮುಳ್ಳಿರುವ ಮೀಟರುಗಳೂ ಸಿಗುತ್ತವೆ. ಪಕ್ಕಪಕ್ಕದ ಮುಳ್ಳುಗಳು ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಮುಳ್ಳು ಎರಡು ಅಂಕಿಗಳ ನಡುವೆ ನಿಂತಿದ್ದರೆ ಚಿಕ್ಕದನ್ನು ಬರೆಯಿರಿ. 9 ಮತ್ತು 0 ನಡುವೆ ಇದ್ದರೆ 9.

ಸ್ಮಾರ್ಟ್ ಗ್ಯಾಸ್ ಮೀಟರ್ ಬ್ಯಾಟರಿಯಲ್ಲಿ ನಡೆಯುವುದರಿಂದ ಪರದೆ ಸಾಮಾನ್ಯವಾಗಿ ಆರಿರುತ್ತದೆ. ಒಂದು ಗುಂಡಿ ಒತ್ತಿದರೆ ಎಚ್ಚರವಾಗುತ್ತದೆ. ಕೀಪ್ಯಾಡ್ ಇರುವ ಹಲವು ಮೀಟರುಗಳಲ್ಲಿ 9 ಒತ್ತಬೇಕು, ಗುಂಡಿ ಮಾತ್ರ ಇರುವವುಗಳಲ್ಲಿ ಘನ ಮೀಟರಿನ ಗುರುತು ಬರುವವರೆಗೆ ಒತ್ತುತ್ತಾ ಹೋಗಬೇಕು. ಅಡುಗೆಮನೆಯಲ್ಲಿಟ್ಟ ಪುಟ್ಟ ಪರದೆ ತೋರಿಸುವ ಸಂಖ್ಯೆಯನ್ನು ರೀಡಿಂಗ್ ಎಂದು ಕೊಡಬೇಡಿ. ಅದು ದಿನದ ಅಥವಾ ವಾರದ ಬಳಕೆಯನ್ನು ದುಡ್ಡಿನಲ್ಲೋ ಕಿಲೋವ್ಯಾಟ್ ಅವರ್‌ನಲ್ಲೋ ತೋರಿಸುತ್ತದೆ. ಮೀಟರಿನ ಒಟ್ಟು ಅಂಕಿಯೇ ಬೇರೆ.

ಇಲ್ಲೊಂದು ಗೊಂದಲವನ್ನು ಮೊದಲೇ ಬಿಡಿಸಬೇಕು. ಕರೆಂಟಿನ ವಿಷಯದಲ್ಲಿ ನಾವು ಯೂನಿಟ್ ಎನ್ನುವುದೂ ಕಿಲೋವ್ಯಾಟ್ ಅವರ್ ಎನ್ನುವುದೂ ಒಂದೇ. ಗ್ಯಾಸಿನಲ್ಲಿ ಹಾಗಲ್ಲ. ಮೀಟರ್ ಅಳೆಯುವುದು ಗಾತ್ರ, ಬಿಲ್ ಮಾಡುವುದು ಶಾಖಕ್ಕೆ. ಲೆಕ್ಕ ಹೀಗಿದೆ: ಎರಡು ರೀಡಿಂಗ್‌ಗಳ ವ್ಯತ್ಯಾಸವನ್ನು 1.02264ರಿಂದ ಗುಣಿಸಿ, ಗ್ಯಾಸಿನ ಕ್ಯಾಲೊರಿಫಿಕ್ ಮೌಲ್ಯದಿಂದ (ಒಂದು ಘನ ಮೀಟರ್ ಗ್ಯಾಸ್ ಉರಿದಾಗ ಬರುವ ಶಾಖ) ಗುಣಿಸಿ, 3.6ರಿಂದ ಭಾಗಿಸಿ. ಮೀಟರ್ ಘನ ಅಡಿಯದಾದರೆ ಎಲ್ಲಕ್ಕಿಂತ ಮೊದಲು 2.83ರಿಂದ ಗುಣಿಸಬೇಕು. ಕ್ಯಾಲೊರಿಫಿಕ್ ಮೌಲ್ಯ ಸ್ವಲ್ಪ ಏರಿಳಿಯುತ್ತದೆ, ಪ್ರತಿ ಬಿಲ್‌ನಲ್ಲೂ ಮುದ್ರಿಸಿರುತ್ತಾರೆ. 39.5 ಎಂದು ಹಿಡಿದರೆ ಒಂದು ಘನ ಮೀಟರಿಗೆ ಸುಮಾರು 11.2 ಕಿಲೋವ್ಯಾಟ್ ಅವರ್. ಹಳೆಯ ಮೀಟರಿನ ಒಂದು ಅಂಕಿ ಎಂದರೆ 100 ಘನ ಅಡಿ, ಅಂದರೆ ಸುಮಾರು 31.8 ಕಿಲೋವ್ಯಾಟ್ ಅವರ್.

ಈ ಎರಡು ಸಂಖ್ಯೆ ನೆನಪಿದ್ದರೆ ತಪ್ಪು ಬಿಲ್ ಕಣ್ಣಿಗೆ ಬಿದ್ದೇ ಬೀಳುತ್ತದೆ. ಮಧ್ಯಮ ಬಳಕೆಯ ಮನೆಗೆ ವರ್ಷಕ್ಕೆ 11,500 ಕಿಲೋವ್ಯಾಟ್ ಅವರ್ ಎಂಬ ಅಂಕಿಯನ್ನು ಆಫ್‌ಜೆಮ್ 2023ರ ಅಕ್ಟೋಬರ್‌ನಿಂದ ಬಳಸತೊಡಗಿತು. ಅಷ್ಟು ಉರಿಸಿದರೆ ಘನ ಮೀಟರಿನ ಮೀಟರ್ ವರ್ಷಕ್ಕೆ ಸುಮಾರು 1,025 ಅಂಕಿ ಮುಂದೆ ಹೋಗುತ್ತದೆ, ಘನ ಅಡಿಯದು ಸುಮಾರು 360. ಎರಡು ಬೆಡ್‌ರೂಮಿನ ಮನೆಗೆ ಎರಡು ತಿಂಗಳಿಗೆ 3,000 ಅಂಕಿ ಬಳಸಿದಿರಿ ಎಂದು ಬಿಲ್ ಬಂದರೆ ಅದು ಬಳಕೆಯಲ್ಲ, ಓದುವಾಗಲೋ ಬರೆಯುವಾಗಲೋ ಆದ ತಪ್ಪು.

ಬದಲಾವಣೆಯ ವಾರ

2022ರ ಜುಲೈ 18ರಿಂದ ಜಾರಿಯಲ್ಲಿರುವ ವ್ಯವಸ್ಥೆಯಲ್ಲಿ ಬದಲಾವಣೆ 5 ಕೆಲಸದ ದಿನಗಳಲ್ಲಿ ಮುಗಿಯಬಹುದು. ಮನಸ್ಸು ಬದಲಾಯಿಸಲು 14 ದಿನಗಳ ಅವಕಾಶವೂ ಇರುತ್ತದೆ. 28 ದಿನಕ್ಕಿಂತ ಹಳೆಯ ಬಾಕಿ ಇದ್ದರೆ ಹಳೆಯ ಕಂಪನಿ ಬದಲಾವಣೆಯನ್ನು ತಡೆಯಬಹುದು. ಆದ್ದರಿಂದ ಹಳೆಯ ಬಿಲ್‌ನ ತಕರಾರು ಏನಾದರೂ ಇದ್ದರೆ ಅರ್ಜಿಗೆ ಮೊದಲೇ ತೀರಿಸಿಕೊಳ್ಳುವುದು ಒಳ್ಳೆಯದು.

ಹೊಸ ಕಂಪನಿ ಪೂರೈಕೆ ಶುರುವಾಗುವ ದಿನಾಂಕ ತಿಳಿಸಿ ರೀಡಿಂಗ್ ಕೇಳುತ್ತದೆ. ಸಾಮಾನ್ಯವಾಗಿ ಆ ದಿನಾಂಕದ ಹಿಂದೆ ಮುಂದೆ 5 ದಿನಗಳಷ್ಟು ಅವಕಾಶ ಇರುತ್ತದೆ. ಪತ್ರದಲ್ಲಿ ಬರೆದ ಗಡುವನ್ನೇ ನಂಬಿ. ಆದಷ್ಟು ಅದೇ ದಿನವೇ ಓದಿ. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಗ್ಯಾಸ್ ಬಾಯ್ಲರ್ ದಿನವಿಡೀ ನಡೆಯುವಾಗ ನಾಲ್ಕು ದಿನದ ಅಂತರವೂ ಲೆಕ್ಕಕ್ಕೆ ಬರುತ್ತದೆ.

ಓದುವಾಗ ಫೋಟೋ ತೆಗೆಯಿರಿ. ಒಂದೇ ಫೋಟೋದಲ್ಲಿ ಅಂಕಿಗಳೂ ಸೀರಿಯಲ್ ನಂಬರೂ ಕಾಣಬೇಕು. ಫ್ಲ್ಯಾಷ್ ಗಾಜಿಗೆ ಹೊಡೆದು ಅಂಕಿ ಮಸುಕಾಗುವುದುಂಟು, ಹಾಗಾದರೆ ಟಾರ್ಚನ್ನು ಪಕ್ಕದಿಂದ ಹಿಡಿದು ಇನ್ನೊಂದು ತೆಗೆಯಿರಿ. ಫೋಟೋವನ್ನು ತಕ್ಷಣ ನಿಮಗೆ ನೀವೇ ಇ-ಮೇಲ್ ಮಾಡಿಕೊಂಡರೆ ದಿನಾಂಕಕ್ಕೆ ಇನ್ನೊಂದು ಸಾಕ್ಷಿ ಆಗುತ್ತದೆ. ಮುಂದೆ ಏನೇ ತಕರಾರು ಬಂದರೂ ಈ ಒಂದು ಫೋಟೋ ಹತ್ತು ಫೋನ್ ಕರೆಗಳ ಕೆಲಸ ಮಾಡುತ್ತದೆ.

ಈ ರೀಡಿಂಗನ್ನು ಕೊಡಬೇಕಾದ್ದು ಹೊಸ ಕಂಪನಿಗೆ. ಅದು ಪರಿಶೀಲನೆಯಾಗಿ ಹಳೆಯ ಕಂಪನಿಗೆ ತಲುಪುತ್ತದೆ. ಹಳೆಯ ಕಂಪನಿಗೆ ಮಾತ್ರ ಕೊಟ್ಟು ಸುಮ್ಮನಾಗುವವರು ಬಹಳ. ಹಾಗೆ ಮಾಡಿದರೆ ಹೊಸ ಕಂಪನಿ ರೀಡಿಂಗ್ ಬಂದಿಲ್ಲವೆಂದು ಅಂದಾಜು ಸಂಖ್ಯೆ ಹಾಕುತ್ತದೆ. ಇಬ್ಬರಿಗೂ ಕೊಡಬಹುದು, ಆದರೆ ಸಂಖ್ಯೆಯೂ ದಿನಾಂಕವೂ ಒಂದೇ ಇರಲಿ. ಸೋಮವಾರದ್ದು ಒಬ್ಬರಿಗೆ, ಶುಕ್ರವಾರದ್ದು ಇನ್ನೊಬ್ಬರಿಗೆ ಕೊಟ್ಟರೆ ತಕರಾರನ್ನು ನಾವೇ ಹುಟ್ಟುಹಾಕಿದಂತೆ.

ಹಳೆಯ ಕಂಪನಿಗೆ ಬ್ಯಾಂಕ್ ಖಾತೆಯಿಂದ ತಾನಾಗಿ ದುಡ್ಡು ಹೋಗುವ ಡೈರೆಕ್ಟ್ ಡೆಬಿಟ್ ಅನ್ನು ಆಗಲೇ ರದ್ದು ಮಾಡಬೇಡಿ. ಕೊನೆಯ ಬಿಲ್ ಬಂದು, ನಿಮ್ಮ ದುಡ್ಡು ಉಳಿದಿದ್ದರೆ ವಾಪಸ್ ಬರುವವರೆಗೆ ಇರಲಿ.

ಎಲ್ಲಿ ತಪ್ಪಿದೆ ಎಂದು ಕಂಡುಹಿಡಿಯುವುದು

ಹಳೆಯ ಕಂಪನಿಯ ಕೊನೆಯ ಬಿಲ್, ಹೊಸ ಕಂಪನಿಯ ಮೊದಲ ಬಿಲ್, ನಿಮ್ಮ ಫೋಟೋ. ಮೂರನ್ನೂ ಪಕ್ಕಪಕ್ಕ ಇಡಿ.

ಎರಡೂ ಬಿಲ್‌ಗಳಲ್ಲಿ ಒಂದೇ ಸಂಖ್ಯೆ ಇದೆ, ಫೋಟೋದಲ್ಲಿರುವುದು ಮಾತ್ರ ಬೇರೆ ಎಂದಾದರೆ ಅಂದಾಜು ರೀಡಿಂಗ್ ಬಿದ್ದಿದೆ ಎಂದರ್ಥ. ಆ ಅಂದಾಜು ಬರುವುದು ನಿಮ್ಮ ಮೀಟರಿನ ಹಿಂದಿನ ರೀಡಿಂಗ್‌ಗಳಿಂದ ಲೆಕ್ಕ ಹಾಕಿದ ವಾರ್ಷಿಕ ಬಳಕೆಯಿಂದ. ನಿಮಗಿಂತ ಮುಂಚೆ ಆ ಮನೆಯಲ್ಲಿ ಐದು ಜನರ ಕುಟುಂಬವಿದ್ದು, ಈಗ ನೀವು ಒಬ್ಬರೇ ಇದ್ದರೆ ಅಂದಾಜು ಜಾಸ್ತಿಯೇ ಬರುತ್ತದೆ. ಇಂಥ ತಪ್ಪಿನಿಂದ ಆಗುವ ನಷ್ಟ ಎಷ್ಟೆಂದು ಮೊದಲು ಲೆಕ್ಕ ಹಾಕಿ ನೋಡಿ. ನಿಜವಾದ ರೀಡಿಂಗ್ 04310, ಅಂದಾಜು 04430 ಎಂದುಕೊಳ್ಳೋಣ. 120 ಘನ ಮೀಟರ್, ಅಂದರೆ ಸುಮಾರು 1,346 ಕಿಲೋವ್ಯಾಟ್ ಅವರ್. ಕಿಲೋವ್ಯಾಟ್ ಅವರ್‌ಗೆ ಹಳೆಯ ದರ 6.5 ಪೆನ್ಸ್, ಹೊಸ ದರ 6 ಪೆನ್ಸ್ ಎಂದು ಹಿಡಿದರೆ ಆ 120ಕ್ಕೆ ಹಳೆಯವರು ದುಡ್ಡು ತೆಗೆದುಕೊಂಡರು, ಹೊಸವರು ಅಷ್ಟನ್ನು ಬಿಟ್ಟು ಮುಂದಿನಿಂದ ಎಣಿಸುತ್ತಾರೆ. ನಿಮಗಾದ ನಷ್ಟ ಅರ್ಧ ಪೆನ್ಸಿನ ವ್ಯತ್ಯಾಸ ಮಾತ್ರ, ಒಟ್ಟು ಸುಮಾರು 7 ಪೌಂಡ್. ಇಷ್ಟಕ್ಕೆ ತಿಂಗಳುಗಟ್ಟಲೆ ಓಡಾಡಬೇಕೇ ಎಂದು ನೀವೇ ಯೋಚಿಸಿ. ಸಣ್ಣ ವ್ಯತ್ಯಾಸಗಳನ್ನು ಕಂಪನಿಗಳು ಕೈಗೆತ್ತಿಕೊಳ್ಳಲು ಒಪ್ಪದಿರುವುದೂ ಉಂಟು.

ಎರಡು ಬಿಲ್‌ಗಳಲ್ಲಿ ಎರಡು ಬೇರೆ ಸಂಖ್ಯೆ ಇದ್ದರೆ ಮಾತ್ರ ಸುಮ್ಮನಿರಲೇಬಾರದು. ಹಳೆಯವರು 04430ಕ್ಕೆ ಮುಗಿಸಿ, ಹೊಸವರು 04310ರಿಂದ ಶುರು ಮಾಡಿದ್ದರೆ ಅದೇ 120 ಘನ ಮೀಟರಿಗೆ ನೀವು ಎರಡು ಸಲ ದುಡ್ಡು ಕೊಡುತ್ತಿದ್ದೀರಿ. ಮೇಲಿನ ದರದಲ್ಲಿ ಅದು 80 ಪೌಂಡಿನ ಆಚೆ ಹೋಗುತ್ತದೆ.

ಸಂಖ್ಯೆ ಹತ್ತು ಪಟ್ಟು ದೊಡ್ಡದಾಗಿ ಕಂಡರೆ ಕೆಂಪು ಅಂಕಿ ಸೇರಿಕೊಂಡಿದೆ. 4821 ಎಂದು ಬರೆಯಬೇಕಾದಲ್ಲಿ 48213 ಆಗಿರುತ್ತದೆ. ಗ್ಯಾಸ್ ರೀಡಿಂಗ್ ಕರೆಂಟಿನ ಖಾತೆಗೆ, ಕರೆಂಟಿನದು ಗ್ಯಾಸ್ ಖಾತೆಗೆ ಹೋಗಿರುವುದೂ ಸಾಮಾನ್ಯ. ಎರಡೂ ಮೀಟರುಗಳನ್ನು ಒಟ್ಟಿಗೆ ಓದಿ ಒಂದೇ ಚೀಟಿಯಲ್ಲಿ ಬರೆದುಕೊಂಡಾಗ ಹೀಗಾಗುತ್ತದೆ.

ಬಿಲ್ ಸುಮಾರು ಮೂರು ಪಟ್ಟು ಬಂದಿದೆ, ರೀಡಿಂಗ್ ಮಾತ್ರ ಸರಿಯಾಗಿದೆ ಎಂದಾದರೆ ಲೆಕ್ಕದ ಸಾಲಿನಲ್ಲಿ 2.83 ಇದೆಯೇ ಹುಡುಕಿ. ಘನ ಮೀಟರಿನ ಮೀಟರನ್ನು ಕಂಪನಿಯ ದಾಖಲೆಯಲ್ಲಿ ಘನ ಅಡಿಯದೆಂದು ಬರೆದಿದ್ದಾರೆ. ಹಳೆಯ ಮೀಟರ್ ತೆಗೆದು ಹೊಸದು ಹಾಕಿದ ಮೇಲೆ ದಾಖಲೆ ತಿದ್ದದೆ ಹೀಗಾಗಿರಬಹುದು. ಉಲ್ಟಾ ತಪ್ಪೂ ಆಗುತ್ತದೆ, ಆಗ ಬಿಲ್ ತೀರಾ ಕಡಿಮೆ ಬರುತ್ತದೆ. ಆ ಸಂತೋಷ ಉಳಿಯುವುದಿಲ್ಲ, ಸಿಕ್ಕಿಬಿದ್ದಾಗ ಹಿಂದಿನ 12 ತಿಂಗಳ ವ್ಯತ್ಯಾಸ ಕೇಳುತ್ತಾರೆ. ಇದನ್ನು ಬಿಲ್ ಬರುವ ಮೊದಲೇ ಹಿಡಿಯುವ ಒಂದು ಉಪಾಯವಿದೆ. ನಿಮ್ಮ ಮೀಟರಿನಲ್ಲಿ ನಾಲ್ಕೇ ಕಪ್ಪು ಅಂಕಿ ಇದ್ದು ಹೊಸ ಕಂಪನಿಯ ಆ್ಯಪ್ ಐದು ಅಂಕಿ ಕೇಳುತ್ತಿದ್ದರೆ, ಅವರ ದಾಖಲೆಯಲ್ಲಿ ನಿಮ್ಮ ಮೀಟರ್ ಬೇರೆ ಜಾತಿಯದಾಗಿರುವ ಸಾಧ್ಯತೆ ಹೆಚ್ಚು. ಮುಂದೆ ಸೊನ್ನೆ ಸೇರಿಸಿ ಸರಿತೂಗಿಸುವ ಬದಲು ಅಲ್ಲೇ ನಿಲ್ಲಿಸಿ, ಮೀಟರಿನ ಫೋಟೋ ಕಳಿಸಿ ದಾಖಲೆ ತಿದ್ದಿಸಿಕೊಳ್ಳಿ.

ಫ್ಲಾಟ್‌ಗಳಲ್ಲಿ ಇನ್ನೊಂದು ತೊಂದರೆ. ಹತ್ತು ಮೀಟರ್ ಸಾಲಾಗಿರುವ ಕೋಣೆಯಲ್ಲಿ ಪಕ್ಕದ ಮನೆಯ ಮೀಟರ್ ನಿಮ್ಮ ಹೆಸರಿನಲ್ಲಿರಬಹುದು. ಪರೀಕ್ಷಿಸುವುದು ಕಷ್ಟವಲ್ಲ. ಬಾಯ್ಲರ್, ಒಲೆ, ಗ್ಯಾಸ್ ಹೀಟರ್ ಎಲ್ಲ ಆರಿಸಿ. ಒಬ್ಬರು ಮೀಟರ್ ಮುಂದೆ ನಿಂತು ಎಲ್ಲ ಅಂಕಿಗಳನ್ನೂ, ಈ ಸಲ ಕೆಂಪು ಅಂಕಿಗಳನ್ನೂ ಸೇರಿಸಿ ಬರೆದುಕೊಳ್ಳಲಿ. ಇನ್ನೊಬ್ಬರು ಒಲೆಯ ದೊಡ್ಡ ಬರ್ನರ್ ಹಚ್ಚಿ ಐದು ನಿಮಿಷ ಬಿಡಲಿ. 3 ಕಿಲೋವ್ಯಾಟಿನ ಬರ್ನರ್ ನಿಮಿಷಕ್ಕೆ ಸುಮಾರು 4.5 ಲೀಟರ್ ಗ್ಯಾಸ್ ಉರಿಸುತ್ತದೆ, ಐದು ನಿಮಿಷಕ್ಕೆ ಘನ ಮೀಟರಿನ ಎರಡನೇ ದಶಮಾಂಶ ಎರಡಂಕಿಯಷ್ಟು ಓಡಬೇಕು. ಉರಿಯುವಾಗ ಓಡದೆ, ಆರಿಸಿದಾಗ ಓಡುತ್ತಿದ್ದರೆ ಆ ಮೀಟರ್ ನಿಮ್ಮದಲ್ಲ. ಮೀಟರಿನ ವಾಲ್ವ್ ಮುಟ್ಟಿ ಪ್ರಯೋಗ ಮಾಡಬೇಡಿ, ಪಕ್ಕದವರ ಬಾಯ್ಲರ್ ಆರಿಹೋದೀತು. ಗ್ಯಾಸಿನ ವಾಸನೆ ಬಂದರೆ ಪರೀಕ್ಷೆ ಅಲ್ಲಿಗೇ ಬಿಡಿ. ಸ್ವಿಚ್ ಮುಟ್ಟದೆ, ಬೆಂಕಿ ಹಚ್ಚದೆ, ಕಿಟಕಿ ತೆಗೆದು ಹೊರಗೆ ಹೋಗಿ 0800 111 999ಕ್ಕೆ ಕರೆ ಮಾಡಿ. ಇದು ದಿನದ 24 ಗಂಟೆಯೂ ಇರುವ ತುರ್ತು ಸಂಖ್ಯೆ.

ಸ್ಮಾರ್ಟ್ ಮೀಟರ್ ಇದೆ, ತಾನಾಗಿಯೇ ಹೋಗುತ್ತದೆ ಎಂದು ನಂಬಿ ಕೂರಬೇಡಿ. ಮೊದಲ ತಲೆಮಾರಿನ ಮೀಟರುಗಳಲ್ಲಿ ಕೆಲವು ಕಂಪನಿ ಬದಲಾದ ಮೇಲೆ ರೀಡಿಂಗ್ ಕಳಿಸುವುದನ್ನು ನಿಲ್ಲಿಸುತ್ತವೆ. ಹೊಸ ತಲೆಮಾರಿನವುಗಳಲ್ಲೂ ಗ್ಯಾಸ್ ಮೀಟರ್ ನೇರವಾಗಿ ಕಂಪನಿಯ ಜೊತೆ ಮಾತಾಡುವುದಿಲ್ಲ, ಕರೆಂಟ್ ಮೀಟರ್ ಜೊತೆಗಿರುವ ಸಂಪರ್ಕ ಪೆಟ್ಟಿಗೆಗೆ ರೀಡಿಂಗ್ ದಾಟಿಸುತ್ತದೆ. ಎರಡರ ನಡುವೆ ದಪ್ಪ ಗೋಡೆಯೋ ಹಲವು ಮಹಡಿಯೋ ಇದ್ದರೆ ಕರೆಂಟಿನ ರೀಡಿಂಗ್ ಹೋಗುತ್ತದೆ, ಗ್ಯಾಸಿನದು ನಿಲ್ಲುತ್ತದೆ. ಸ್ಮಾರ್ಟ್ ಇದ್ದರೂ ಬದಲಾವಣೆಯ ದಿನ ಕೈಯಾರೆ ಓದಿ ಫೋಟೋ ಇಟ್ಟುಕೊಳ್ಳಿ.

ತಿದ್ದಿಸುವುದು ಹೇಗೆ

ದೂರು ಮೊದಲು ಹೋಗಬೇಕಾದ್ದು ಹೊಸ ಕಂಪನಿಗೆ. ಹಳೆಯವರಿಗೆ ಫೋನ್ ಮಾಡಿದರೆ ಹೊಸವರನ್ನು ಕೇಳಿ ಎನ್ನುತ್ತಾರೆ, ಅದರಲ್ಲಿ ನ್ಯಾಯವೂ ಇದೆ, ಏಕೆಂದರೆ ಈ ರೀಡಿಂಗಿನ ಜವಾಬ್ದಾರಿ ಹೊಸ ಕಂಪನಿಯದು. "ಓಪನಿಂಗ್ ರೀಡ್ ಡಿಸ್ಪ್ಯೂಟ್" ಎಂಬ ಮಾತನ್ನೇ ಬಳಸಿ. ಬರೀ ಬಿಲ್ ಜಾಸ್ತಿ ಬಂದಿದೆ ಎಂದರೆ ಕಂತು ಕಡಿಮೆ ಮಾಡಿ ಕಳಿಸಿಬಿಡುತ್ತಾರೆ, ರೀಡಿಂಗ್ ಹಾಗೇ ಉಳಿಯುತ್ತದೆ. ಫೋನಿಗಿಂತ ಇ-ಮೇಲ್ ಲೇಸು. ಅದರಲ್ಲಿ ಎಂಪಿಆರ್‌ಎನ್, ಸೀರಿಯಲ್ ನಂಬರ್, ಪೂರೈಕೆ ಶುರುವಾದ ದಿನಾಂಕ, ಬಿಲ್‌ನಲ್ಲಿರುವ ಸಂಖ್ಯೆ, ಇರಬೇಕಾದ ಸಂಖ್ಯೆ ಇವಿಷ್ಟನ್ನು ಬರೆದು ಫೋಟೋ ಲಗತ್ತಿಸಿ.

ಅವತ್ತು ಫೋಟೋ ತೆಗೆದಿಲ್ಲವೇ? ಇವತ್ತಿನದೊಂದು, ಇನ್ನೆರಡು ಮೂರು ವಾರದ ನಂತರದ್ದೊಂದು ರೀಡಿಂಗ್ ತೆಗೆಯಿರಿ. ದಿನಕ್ಕೆ ಎಷ್ಟು ಓಡುತ್ತಿದೆ ಎಂದು ತಿಳಿದರೆ ಹಿಂದಕ್ಕೆ ಎಣಿಸಿ ಬದಲಾವಣೆಯ ದಿನದ ಸಂಖ್ಯೆಯ ಹತ್ತಿರಕ್ಕೆ ಬರಬಹುದು. ಜನವರಿಯ ಬಳಕೆಯಿಂದ ಸೆಪ್ಟೆಂಬರಿಗೆ ಎಣಿಸಬೇಡಿ, ಹೀಟಿಂಗ್ ಶುರುವಾದ ಮೇಲಿನ ಲೆಕ್ಕವೇ ಬೇರೆ. ಇವತ್ತಿನ ಮೀಟರ್ ಬಿಲ್‌ನ ಆರಂಭದ ಸಂಖ್ಯೆಗಿಂತ ಇನ್ನೂ ಹಿಂದಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ, ಅದೊಂದೇ ಫೋಟೋ ಸಾಕು. ಬಾಡಿಗೆ ಮನೆಗೆ ಆಗಷ್ಟೇ ಬಂದವರಿಗೆ ಏಜೆಂಟ್ ಮಾಡಿದ ಚೆಕ್-ಇನ್ ಪಟ್ಟಿ ಸಹಾಯಕ್ಕೆ ಬರುತ್ತದೆ, ಮೀಟರ್ ರೀಡಿಂಗನ್ನೂ ಅದರಲ್ಲಿ ಬರೆದಿರುವುದು ರೂಢಿ.

ಎರಡೂ ಕಂಪನಿಗಳು ಒಂದು ಸಂಖ್ಯೆಗೆ ಒಪ್ಪಿದ ಮೇಲೆ ಹಳೆಯವರು ಕೊನೆಯ ಬಿಲ್ ತಿದ್ದಬೇಕು, ಹೊಸವರು ಮೊದಲ ಬಿಲ್ ತಿದ್ದಬೇಕು. ಒಬ್ಬರು ತಿದ್ದಿ ಇನ್ನೊಬ್ಬರು ಮರೆತರೆ ಮತ್ತೆ ಅದೇ ಎರಡು ಸಂಖ್ಯೆಯ ಸಮಸ್ಯೆ. ಎರಡೂ ತಿದ್ದಿದ ಬಿಲ್ ಕೈಗೆ ಬರುವವರೆಗೆ ಕಡತ ಮುಚ್ಚಬೇಡಿ. ಈ ನಡುವೆ ತಕರಾರಿಲ್ಲದ ಭಾಗದ ದುಡ್ಡನ್ನು ಕಟ್ಟುತ್ತಿರಿ. ಪೂರ್ತಿ ನಿಲ್ಲಿಸಿದರೆ ಬಾಕಿದಾರರ ಪಟ್ಟಿಗೆ ಸೇರಿ, ಬ್ರಿಟನ್ನಿಗೆ ಹೊಸದಾಗಿ ಬಂದವರ ಎಳೆಯ ಕ್ರೆಡಿಟ್ ದಾಖಲೆಗೆ ಪೆಟ್ಟು ಬೀಳಬಹುದು.

ಕಾರ್ಡ್ ಹಾಕಿ ಮುಂಗಡ ತುಂಬುವ ಮೀಟರ್ ಇರುವವರು ಒಂದು ಮಾತು ಗಮನಿಸಿ: ಬದಲಾವಣೆಯಾದ ಮೇಲೆ ಹಳೆಯ ಕಾರ್ಡ್ ಬಳಸಬೇಡಿ. ತುಂಬಿದ ದುಡ್ಡು ಹಳೆಯ ಕಂಪನಿಗೆ ಹೋಗುತ್ತದೆ. ಹೊಸ ಕಾರ್ಡ್ ಬರುವುದು ತಡವಾದರೆ ಹೊಸ ಕಂಪನಿಯನ್ನೇ ಕೇಳಿ. ಇಂಥ ಮೀಟರಿನಲ್ಲಿ ಇಂಧನವೊಂದಕ್ಕೆ 500 ಪೌಂಡ್‌ವರೆಗಿನ ಬಾಕಿ ಇದ್ದರೂ ಅದನ್ನು ಹೊತ್ತುಕೊಂಡೇ ಕಂಪನಿ ಬದಲಾಯಿಸಬಹುದು.

ಗಡುವುಗಳು

ಬದಲಾವಣೆಯಾದ 6 ವಾರದೊಳಗೆ ಹಳೆಯ ಕಂಪನಿ ಕೊನೆಯ ಬಿಲ್ ಕಳಿಸಬೇಕು. ನಿಮ್ಮ ದುಡ್ಡು ಉಳಿದಿದ್ದರೆ ಆ ಬಿಲ್ ಆದ 10 ಕೆಲಸದ ದಿನಗಳಲ್ಲಿ ವಾಪಸ್ ಕೊಡಬೇಕು. ತಪ್ಪಿದರೆ ಪರಿಹಾರ ಕೊಡಬೇಕು, 2025ರಲ್ಲಿ ಆ ಮೊತ್ತವನ್ನು 30ರಿಂದ 40 ಪೌಂಡಿಗೆ ಏರಿಸಲಾಯಿತು. ಕೇಳದೆಯೇ ಬರಬೇಕಾದ ದುಡ್ಡು ಇದು, ಬರದಿದ್ದರೆ ಕೇಳಿ ಪಡೆಯಿರಿ. ಇನ್ನು, ಕಂಪನಿಯ ತಪ್ಪಿನಿಂದ ಬಿಲ್ ಮಾಡದೆ ಉಳಿದ ಗ್ಯಾಸಿಗೆ 12 ತಿಂಗಳಿಗಿಂತ ಹಿಂದಿನ ದುಡ್ಡು ಕೇಳುವಂತಿಲ್ಲ. 2018ರಿಂದ ಈ ನಿಯಮವಿದೆ. ನೀವು ಮೀಟರ್ ನೋಡಲು ಬಿಡದಿದ್ದರೆ ಮಾತ್ರ ಈ ರಕ್ಷಣೆ ಸಿಗುವುದಿಲ್ಲ.

ಇ-ಮೇಲ್‌ಗಳಿಗೆ ಉತ್ತರ ಬರದಿದ್ದರೆ "ಇದನ್ನು ದೂರು ಎಂದು ದಾಖಲಿಸಿ" ಎಂದು ಬರೆದು, ದೂರಿನ ಸಂಖ್ಯೆ ಪಡೆಯಿರಿ. ದಿನ ಎಣಿಸುವುದು ಅಲ್ಲಿಂದ. ಸಲಹೆ ಬೇಕಾದರೆ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯ ಗ್ರಾಹಕ ವಿಭಾಗ ಉಚಿತವಾಗಿ ನೆರವಾಗುತ್ತದೆ. 8 ವಾರ ಕಳೆದರೂ ಬಗೆಹರಿಯದಿದ್ದರೆ, ಅಥವಾ ಅದಕ್ಕೂ ಮೊದಲೇ ಇನ್ನು ನಮ್ಮಿಂದಾಗದು ಎಂದು ಕಂಪನಿ ಡೆಡ್‌ಲಾಕ್ ಪತ್ರ ಕೊಟ್ಟರೆ, ಇಂಥ ದೂರುಗಳಿಗೆ ತೀರ್ಪು ಕೊಡುವ ಸ್ವತಂತ್ರ ಸಂಸ್ಥೆ ಎನರ್ಜಿ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಪತ್ರ ಬಂದ 12 ತಿಂಗಳೊಳಗೆ ಹೋಗಬೇಕು, ಶುಲ್ಕವಿಲ್ಲ. ಎರಡು ಬಿಲ್, ಫೋಟೋ, ಇ-ಮೇಲ್‌ಗಳನ್ನು ಅಲ್ಲಿಗೂ ಹಾಗೇ ಕಳಿಸಿದರೆ ಸಾಕು. ತೀರ್ಪನ್ನು ನೀವು ಒಪ್ಪಿಕೊಂಡರೆ ಕಂಪನಿ ಪಾಲಿಸಲೇಬೇಕು. ನೀವು ಒಪ್ಪದಿದ್ದರೆ ಕೋರ್ಟಿಗೆ ಹೋಗುವ ದಾರಿ ತೆರೆದೇ ಇರುತ್ತದೆ.